ವೆರೈಟಿ ಹಾಲಿನ ಕೊನೆಯ ಚೇರ್ಮನ್

ನಾನು ಕನ್ನಡ ಟೀಚರ್ ಆಗಿದ್ದವಳು. ಮೂವತ್ತೊಂದು ವರ್ಷ ಮಕ್ಕಳ ಕಾಗುಣಿತದ ಮೇಲೆ ಕೆಂಪು ಶಾಯಿ ಸುರಿದಿದ್ದೇನೆ. ಮನೆಗೆ ಮದುವೆಯ ಕಾಗದ ಬಂದರೆ ಮೊದಲು ಒತ್ತಕ್ಷರ ನೋಡಿ, ಆಮೇಲೆ ಮುಹೂರ್ತ ನೋಡುವ ಸ್ವಭಾವ ನನ್ನದು. ಈ ಜಂಬವನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ಅತಿ ದೊಡ್ಡ ತಪ್ಪು ಒಂದು ಶಬ್ದದ ತಪ್ಪು. ಅದಕ್ಕೆ ಬೆಲೆ ತೆತ್ತವರು ಬೇರೆಯವರು.

ಮಂಗಳೂರಿನ ಬಂದರಿನ ಹತ್ತಿರ ಹಂಚಿನ ಮಾಡಿನ ಒಂದು ಉದ್ದನೆಯ ಹಾಲ್ ಇತ್ತು. ಬೋರ್ಡಿನಲ್ಲಿ ಅದಕ್ಕೆ ಏನೋ ಒಂದು ರಾಣಿಯ ಹೆಸರಿತ್ತು, ಅರ್ಧ ಅಳಿಸಿಹೋಗಿತ್ತು. ಊರಿನವರಿಗೆ ಮಾತ್ರ ಅದು ವೆರೈಟಿ ಹಾಲ್. ಬ್ರಿಟಿಷರ ಕಾಲದಲ್ಲಿ ಕಾಫಿ ಕಂಪನಿಯ ದೊರೆಗಳು, ಕಲೆಕ್ಟರ ಕಚೇರಿಯವರು, ಹಡಗಿನ ಏಜೆಂಟರು ಸೇರಿ ತಮ್ಮ ಸಂಜೆ ಕಳೆಯಲಿಕ್ಕೆ ಕಟ್ಟಿಸಿಕೊಂಡದ್ದಂತೆ. ಬೊಂಬಾಯಿಯಿಂದ ಕೊಲಂಬೋಗೆ ಹೋಗುವ ಹಡಗುಗಳಲ್ಲಿ ಹಾಡುವವರು, ಜಾದೂ ಮಾಡುವವರು, ಬೊಂಬೆಯ ಬಾಯಲ್ಲಿ ಮಾತಾಡಿಸುವವರು ಬರುತ್ತಿದ್ದರು. ಹಡಗು ದೂರದಲ್ಲಿ ನಿಂತರೆ ದೋಣಿಯಲ್ಲಿ ಅವರನ್ನೂ ಅವರ ಪೆಟ್ಟಿಗೆಗಳನ್ನೂ ದಡಕ್ಕೆ ತರುವುದು. ಮಳೆಗಾಲಕ್ಕೆ ಬಂದರು ಮುಚ್ಚಿದರೆ ಹಾಲಿನ ಬಾಗಿಲೂ ಮುಚ್ಚುತ್ತಿತ್ತು. ಮುಂದಿನ ಕುರ್ಚಿಗಳು ದೊರೆಗಳಿಗೆ. ನಮ್ಮವರಿಗೆ ಹಿಂದೆ ಒಂದು ಅಟ್ಟ, ಅದಕ್ಕೆ ಹೊರಗಿನಿಂದಲೇ ಏಣಿ, ಒಳಗಿನಿಂದ ಹತ್ತಿದರೆ ನೆಲ ಮೈಲಿಗೆಯಾಗುತ್ತದೆಂದು ಅವರಿಗೂ ಒಂದು ಶಾಸ್ತ್ರವಿತ್ತೇನೋ.

ಇದನ್ನೆಲ್ಲ ನನಗೆ ಹೇಳಿದವರು ಕುದ್ರೋಳಿಯ ಒಬ್ಬ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಹಗಲು ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯುವ ಕೆಲಸ, ಸಂಜೆ ವೆರೈಟಿ ಹಾಲ್. ಅವರ ಅಜ್ಜ ಅದೇ ಹಾಲಿನಲ್ಲಿ ದೊರೆಗಳಿಗೆ ಪರದೆ ಎಳೆಯುತ್ತಿದ್ದವರು. ಕೇಳಿ ಕೇಳಿ ಇಂಗ್ಲಿಷ್ ಹಾಡುಗಳ ರಾಗ ಅಜ್ಜನಿಗೆ ಬಾಯಿಗೆ ಬಂದಿತ್ತಂತೆ. ಅರ್ಥ ಗೊತ್ತಿಲ್ಲದ್ದರಿಂದ ಬ್ಯಾರಿ ಭಾಷೆಯಲ್ಲಿ ಮೀನಿನ ಹೆಸರುಗಳನ್ನು ಹಾಕಿ ಹಾಡುತ್ತಿದ್ದರಂತೆ.

ಅಜ್ಜನಿಂದ ಮೊಮ್ಮಗನಿಗೆ ಬಂದ ಇನ್ನೊಂದು ಆಸ್ತಿ ಉಂಟು. ಹಿಂದೆ ಇಂಗ್ಲೆಂಡಿನ ಮ್ಯೂಸಿಕ್ ಹಾಲುಗಳಲ್ಲಿ ವೇದಿಕೆಯ ಪಕ್ಕ ಒಂದು ಮೇಜು ಹಾಕಿಕೊಂಡು ಚೇರ್ಮನ್ ಎಂಬೊಬ್ಬ ಕೂರುತ್ತಿದ್ದ. ಕೈಯಲ್ಲಿ ಮರದ ಸುತ್ತಿಗೆ. ಮೇಜಿಗೆ ಕುಟ್ಟಿ ಮುಂದಿನ ಐಟಮ್ ಯಾವುದೆಂದು ಸಾರುವುದು, ಗಲಾಟೆ ಮಾಡುವ ಪ್ರೇಕ್ಷಕನ ಬಾಯಿ ಮುಚ್ಚಿಸುವುದು, ಹಾಡುವವಳು ತಡಮಾಡಿದರೆ ನಾಲ್ಕು ಮಾತಾಡಿ ಜನರನ್ನು ಹಿಡಿದಿಡುವುದು ಅವನ ಕೆಲಸ. ಈ ಪದ್ಧತಿ ಇಂಗ್ಲೆಂಡಿನಲ್ಲೇ ಎಂದೋ ನಿಂತುಹೋಗಿತ್ತು. ಮಂಗಳೂರಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ದೊರೆಗಳು ಹೋಗಿ, ಹಾಲ್ ಒಬ್ಬ ವ್ಯಾಪಾರಿಯ ಕೈಗೆ ಬಂದು, ಅರ್ಧಕ್ಕೆ ಮೆಣಸಿನ ಚೀಲ ತುಂಬಿ, ಉಳಿದರ್ಧದಲ್ಲಿ ನಮ್ಮವರ ತುಳು ವೆರೈಟಿ ಶುರುವಾದಾಗಲೂ ಪಕ್ಕದಲ್ಲಿ ಮೇಜು, ಸುತ್ತಿಗೆ, ಚೇರ್ಮನ್ ಹಾಗೇ ಉಳಿದರು. ನಮ್ಮ ಊರಿನಲ್ಲಿ ಚೇರ್ಮನ್ ಎಂದರೆ ನಗಿಸುವವನು ಎಂದೇ ಅರ್ಥ. ಸಹಕಾರಿ ಸಂಘಕ್ಕೆ ಚೇರ್ಮನ್ ಆದವರು ಸ್ವಲ್ಪ ಮುಜುಗರದಲ್ಲೇ ಓಡಾಡುತ್ತಿದ್ದರು.

ಆ ಬ್ಯಾರಿಯೇ ನಮ್ಮ ಚೇರ್ಮನ್. ಅವರು ಎದ್ದು ನಿಂತರೆ ಸಾಕು, ಹಾಲ್ ತಾನಾಗಿ ಸದ್ದಡಗುತ್ತಿತ್ತು. ಅವರ ಮನೆಮಾತು ತುಳು ಅಲ್ಲ. ಆದರೂ ನಮ್ಮ ವಾಮಂಜೂರಿನ ಗದ್ದೆಯಲ್ಲಿ ಮುದುಕಿಯರು ಆಡುವ ತುಳು, ದಕ್ಕೆಯಲ್ಲಿ ಮೀನು ಮಾರುವವರ ತುಳು, ವಕೀಲರು ಮೂಗಿನಲ್ಲಿ ಆಡುವ ತುಳು, ಎಲ್ಲವೂ ಅವರ ನಾಲಗೆಯಲ್ಲಿ ಇತ್ತು. ತುಳು ನಮ್ಮದೆಂದು ಹೇಳಿಕೊಳ್ಳುವ ಬಂಟರ ಮನೆಯ ಹುಡುಗಿ ನಾನು. ಎಷ್ಟೋ ಶಬ್ದಗಳನ್ನು ಅವರಿಂದ ಕಲಿತೆ. ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಬರವಣಿಗೆ ಮಾತ್ರ ಅವರದ್ದು ಏಳನೆಯ ಕ್ಲಾಸಿಗೆ ನಿಂತಿತ್ತು. ಅಲ್ಲಿ ನಾನು ಬೇಕಾಗುತ್ತಿದ್ದೆ. ತಂಡ ನಡೆಸುತ್ತಿದ್ದವರು ನನ್ನ ಸೋದರಮಾವ, ಪೇಟೆಯಲ್ಲಿ ಹೋಟೆಲ್ ಇಟ್ಟವರು. ಯಾವುದೇ ಆಟಕ್ಕೆ ಮೊದಲು ಅದರ ಪ್ರತಿಯನ್ನು ಪೊಲೀಸರಿಗೆ ಕೊಟ್ಟು ಅಪ್ಪಣೆ ತರಬೇಕೆಂಬ ನಿಯಮ ಬ್ರಿಟಿಷರು ಬಿಟ್ಟುಹೋದ ಇನ್ನೊಂದು ವಸ್ತು. ಮೊದಲೆಲ್ಲ ಅದನ್ನು ಯಾರೂ ಓದುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಬಂದ ಮೇಲೆ ಓದತೊಡಗಿದರು. ಅಧಿಕಾರಿ ಘಟ್ಟದ ಮೇಲಿನವರಾದ್ದರಿಂದ ತುಳುವಿಗೆ ಕನ್ನಡ ಅರ್ಥವನ್ನೂ ಕೊಡಬೇಕಿತ್ತು. ಹಾಳೆಯನ್ನು ಉದ್ದಕ್ಕೆ ಎರಡು ಮಾಡಿ ಎಡಕ್ಕೆ ತುಳು, ಬಲಕ್ಕೆ ಕನ್ನಡ, ಕಾರ್ಬನ್ ಇಟ್ಟು ಮೂರು ಪ್ರತಿ. ಬರೆಯುವವಳು ನಾನು. ಪ್ರತಿ ಪುಟದ ಕೆಳಗೆ ರುಜು ಹಾಕುವವರು ಚೇರ್ಮನ್.

ತುರ್ತು ಪರಿಸ್ಥಿತಿಯ ಎರಡನೆಯ ವರ್ಷ, ಬೇಸಗೆ ಶುರುವಾಗುವ ಮೊದಲು, ಅವರು ಒಂದು ಪ್ರಹಸನ ಕಟ್ಟಿದರು. ಹೆಂಡತಿ ಸತ್ತ ಒಬ್ಬ ಮುದುಕ ಮನೆಯಲ್ಲಿ ಚೇರ್ಮನ್ನನ ಹಾಗೆ ಸುತ್ತಿಗೆ ಹಿಡಿದು ಕೂತು ಗಂಡುಮಕ್ಕಳನ್ನು ಆಳುತ್ತಾನೆ. ಅನ್ನ ಬಡಿಸಬೇಕಾದರೆ ಸುತ್ತಿಗೆ, ಸ್ನಾನಕ್ಕೆ ಹೋಗಬೇಕಾದರೆ ಸುತ್ತಿಗೆ. ಕೊನೆಗೆ ಮಕ್ಕಳು ಸುತ್ತಿಗೆ ಕದ್ದು ಕುಣಿಯುತ್ತಾರೆ: “ಅಮ್ಮೆರೆನ ದರ್ಬಾರ್ ಮುಗಿಂಡ್, ನನ ನಮ್ಮ ದರ್ಬಾರ್.” ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ, ಅಪ್ಪೆ ಎಂದರೆ ಅಮ್ಮ. ಕನ್ನಡಕ್ಕೆ ಪೂರಾ ಉಲ್ಟಾ. ಅಪ್ಪನ ದರ್ಬಾರು ಮುಗಿಯಿತು, ಇನ್ನು ನಮ್ಮ ದರ್ಬಾರು, ಇಷ್ಟೇ ಅದರ ಅರ್ಥ.

ಅದನ್ನು ಬರೆದ ಭಾನುವಾರ ನನ್ನ ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟೂ ಇತ್ತು. ನಲವತ್ತು ಪುಟ ಒತ್ತಿ ಒತ್ತಿ ಬರೆದು ಬೆರಳು ಸೆಟೆದಿತ್ತು. ಮುಗಿಸಿ, ತಿದ್ದುವ ಅಭ್ಯಾಸದವಳು ಅದೊಂದು ದಿನ ತಿದ್ದದೆ ಕೊಟ್ಟುಬಿಟ್ಟೆ.

ಆಟ ಶನಿವಾರಕ್ಕೆ. ಗುರುವಾರ ಬೆಳಿಗ್ಗೆ ಎರಡನೆಯ ಪೀರಿಯಡ್ ಮುಗಿಸಿ ಹೊರಗೆ ಬಂದಾಗ ಚೇರ್ಮನ್ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಅಂಗಡಿಯ ಹೊತ್ತಿನಲ್ಲಿ ಅವರನ್ನು ಬೇರೆಲ್ಲೂ ಕಂಡವಳಲ್ಲ. ಯಾವಾಗಿನ ಹಾಗೆ ತುಳುವಿನಲ್ಲೇ ಕೇಳಿದರು.

“ಟೀಚರೇ, ಸ್ಟೇಷನ್ನಿಗೆ ಸ್ವಲ್ಪ ಬರ್ಲಿಕ್ಕೆ ಆಗ್ತದಾ? ಬರವಣಿಗೆಯಲ್ಲಿ ಎಂತದೋ ಅಮ್ಮ ಅಂತ ಉಂಟಂತೆ. ಅಮ್ಮ ಎಲ್ಲಿಂದ ಬಂದಳು ಅಂತ ನನಗೆ ಗೊತ್ತಾಗುವುದಿಲ್ಲ. ಕನ್ನಡ ಗೊತ್ತಿದ್ದವರು ಹೇಳಿದರೆ ಅವರಿಗೆ ಅರ್ಥ ಆದೀತು.”

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಬಲಗಡೆಯ ಸಾಲು ಕಣ್ಣಿಗೆ ಕಟ್ಟಿತು. “ಅಮ್ಮನ ದರ್ಬಾರು ಮುಗಿಯಿತು, ಇನ್ನು ನಮ್ಮ ದರ್ಬಾರು.” ತುಳುವಿನ ಅಮ್ಮೆ ಕೈಯಲ್ಲಿ ಹರಿದು ಕನ್ನಡದ ಅಮ್ಮ ಆಗಿಬಿಟ್ಟಿತ್ತು. ಆ ಕಾಲದಲ್ಲಿ ಅಧಿಕಾರಿಗಳ ಕಿವಿಗೆ ಅಮ್ಮ ಎಂದರೆ ದೇಶದಲ್ಲಿ ಒಬ್ಬರೇ. ಅವರ ದರ್ಬಾರು ಮುಗಿಯಿತೆಂದು ಬರೆದು, ಮೂರು ಪ್ರತಿ ಮಾಡಿ, ಪೊಲೀಸರ ಕೈಗೇ ಕೊಟ್ಟಿದ್ದೆ.

ದಾರಿಯುದ್ದಕ್ಕೂ ಚೇರ್ಮನ್ ಮಾತಾಡುತ್ತಲೇ ಇದ್ದರು, ಹೆದರಿಕೆಯಾದರೆ ಅವರಿಗೆ ಮಾತು ಹೆಚ್ಚು. ಬಹರೈನಿನಲ್ಲಿ ಅವರ ಭಾವನ ಮುಖಾಂತರ ಕೆಲಸ ನಿಶ್ಚಯವಾಗಿತ್ತು. ಈ ತಿಂಗಳೊಳಗೆ ಹೊರಡದಿದ್ದರೆ ಅದು ಬೇರೆಯವರಿಗೆ. ಪಾಸ್‌ಪೋರ್ಟಿನ ಅರ್ಜಿ ಪೊಲೀಸ್ ವಿಚಾರಣೆಗೆಂದು ಬಂದು ಅದೇ ಅಧಿಕಾರಿಯ ಮೇಜಿನ ಮೇಲೆ ಕೂತಿತ್ತು. ಮನೆಯಲ್ಲಿ ಹೆಂಡತಿ, ಮೂರು ಹೆಣ್ಣುಮಕ್ಕಳು, ಕಣ್ಣು ಕಾಣದ ತಾಯಿ. “ಇವರು ಒಂದು ಅಡ್ಡ ಗೆರೆ ಹಾಕಿದರೆ ಮುಗಿಯಿತು ಟೀಚರೇ. ಒಳಗೆ ಹಾಕಿದರೆ ಮನೆಯವರಿಗೆ ಹೇಳುವವರೂ ಇಲ್ಲ.”

ಆಗ ಹೇಳಬಹುದಿತ್ತು. ಸ್ಟೇಷನ್ ತಲುಪಲು ಹತ್ತು ಹದಿನೈದು ನಿಮಿಷದ ದಾರಿ ಇತ್ತು. ನಾನು ಹೇಳಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅಪ್ರೂವಲ್‌ಗೆ ಹೋದ ಕಾಗದ ಬಂದಿರಲಿಲ್ಲ. ಇನ್ನೊಂದು ಶಾಲೆಯಲ್ಲಿ ಸ್ಟಾಫ್ ರೂಮಿನಲ್ಲಿ ಹೇಳಿದ ಒಂದು ತಮಾಷೆಗೆ ಮೇಷ್ಟ್ರೊಬ್ಬರು ಕೆಲಸ ಕಳೆದುಕೊಂಡು ಮನೆಗೆ ಹೋದ ಸುದ್ದಿಯನ್ನು ನಮ್ಮ ಹೆಡ್‌ಮಿಸ್ಟ್ರೆಸ್ ವಾರಕ್ಕೊಮ್ಮೆ ಹೇಳುತ್ತಿದ್ದರು. ಇವೆಲ್ಲ ಕಾರಣಗಳು ನಿಜ. ಅವುಗಳ ಕೆಳಗೆ ಇನ್ನೊಂದು ಇತ್ತು. ನಾನು ತಪ್ಪು ಬರೆದೆ ಎಂದು ಒಪ್ಪಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಅಧಿಕಾರಿ ಮರ್ಯಾದೆಯಲ್ಲೇ ನನಗೆ ಕುರ್ಚಿ ತೋರಿಸಿದರು. ಚೇರ್ಮನ್ ನಿಂತೇ ಇದ್ದರು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು. ಮೇಜಿನ ಮೇಲೆ ನನ್ನ ಗುಂಡಗಿನ ಅಕ್ಷರದ ಪುಟ ತೆರೆದಿತ್ತು. ಆ ಸಾಲಿನ ಕೆಳಗೆ ನೀಲಿ ಪೆನ್ಸಿಲಿನ ಗೆರೆ.

“ನೋಡ್ರೀ ಮೇಡಂ. ನಾಟಕದಲ್ಲಿ ತಾಯಿ ಪಾತ್ರಾನೇ ಇಲ್ಲ. ಹೆಂಡತಿ ಸತ್ತುಹೋಗಿದಾಳೆ ಅಂತ ಮೊದಲನೇ ಪುಟದಲ್ಲೇ ಇದೆ. ಎಲ್ಲ ಕಡೆ ತಂದೆ, ತಂದೆ ಅಂತ ಬರೆದು ಇಲ್ಲೊಂದು ಕಡೆ ಮಾತ್ರ ಅಮ್ಮನ ದರ್ಬಾರು ಮುಗೀತು ಅಂದ್ರೆ, ಈ ಅಮ್ಮ ಯಾರು?”

ತುಳುವಿನಲ್ಲಿ ಅಮ್ಮೆ ಎಂದರೆ ತಂದೆ ಎಂದು ವಿವರಿಸಿದೆ. ಅವರು ಬಾಗಿಲಿನ ಬಳಿ ನಿಂತಿದ್ದ ಪೊಲೀಸನನ್ನು ಕರೆದರು. ಅವನು ಊರಿನವನೇ.

“ನೀನು ನಿಮ್ಮ ತಂದೆಯನ್ನು ಏನಂತ ಕರೀತೀಯಯ್ಯಾ?”

ಅವನಿಗೆ ಯಾವ ಉತ್ತರ ಹೇಳಿದರೆ ತಾನು ಉಳಿಯುತ್ತೇನೆಂದು ಗೊತ್ತಾಗಲಿಲ್ಲ. ನಮ್ಮಿಬ್ಬರನ್ನೂ ನೋಡಿದ, ಸಾಹೇಬರನ್ನೂ ನೋಡಿದ. “ಪಪ್ಪ ಅಂತ, ಸಾರ್” ಎಂದ. ಅವನಿಗೆ ಎರಡು ಬಾರಿಸಬೇಕೆನಿಸಿತು ನನಗೆ.

ಅಧಿಕಾರಿ ಚೇರ್ಮನ್ ಕಡೆ ತಿರುಗಿದರು. “ನೀವು?”

“ನಾವು ಬ್ಯಾರಿಗಳು ಸಾರ್. ತಂದೆಗೆ ಉಪ್ಪ ಅಂತ.”

“ತಾಯಿಗೆ?”

“ಉಮ್ಮ.”

“ಉಮ್ಮ, ಅಮ್ಮ. ಸರಿಯಾಗೇ ಇದೆಯಲ್ಲ ಹಾಗಾದ್ರೆ.” ಅವರು ಕುರ್ಚಿಗೆ ಒರಗಿದರು. ಧ್ವನಿ ಏರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ಆ ತುಳು ಏನೇ ಇರಲಿ ಮೇಡಂ, ಈ ಕಡೆ ಕನ್ನಡದಲ್ಲಿ ಅಮ್ಮ ಅಂತಲೇ ಇದೆ. ನಾಳೆ ಮೇಲಿನವರು ಕೇಳಿದ್ರೆ ನಾನು ಈ ಕನ್ನಡಾನೇ ತೋರಿಸಬೇಕು. ನನಗೂ ಹೆಂಡತಿ ಮಕ್ಕಳಿದಾರೆ. ಈ ಅನುವಾದ ಮಾಡಿದ್ದು ಯಾರು?”

ಪಾಸ್‌ಪೋರ್ಟಿನ ಫೈಲು ನನಗೆ ಕಾಣುತ್ತಿತ್ತು, ಅವರ ಮೊಣಕೈಯ ಪಕ್ಕದಲ್ಲೇ. “ನಾನು” ಎಂಬ ಒಂದು ಶಬ್ದ ಸಾಕಾಗಿತ್ತು. ಬಂಟರ ಮನೆಯವಳು, ಶಾಲೆಯ ಟೀಚರ್, ಕೈತಪ್ಪಿನಿಂದ ಬರೆದೆ ಎಂದರೆ ಬಹುಶಃ ಬೈದು ಬಿಡುತ್ತಿದ್ದರು. ಬಹುಶಃ ಬಿಡುತ್ತಿರಲಿಲ್ಲ. ನಾನು ಬಾಯಿ ತೆರೆದೆ, ಉಸಿರೂ ಎಳೆದುಕೊಂಡೆ. ಇವತ್ತಿಗೂ ಆ ಉಸಿರಿನ ಬಗ್ಗೆ ಯೋಚಿಸುತ್ತೇನೆ, ಅದರ ಹಿಂದೆ ಮಾತು ಇತ್ತೇ ಇಲ್ಲವೇ ಎಂದು.

“ನಾನೇ ಸಾರ್” ಎಂದರು ಚೇರ್ಮನ್. ನನ್ನ ಕಡೆ ನೋಡಲಿಲ್ಲ. “ರುಜು ನನ್ನದೇ ಉಂಟಲ್ವಾ. ನಮ್ಮ ಮನೆಮಾತು ಬ್ಯಾರಿ. ತುಳು ನನಗೆ ಅಷ್ಟು ಸರಿ ಬರುವುದಿಲ್ಲ. ಉಮ್ಮ, ಅಮ್ಮ, ಅಮ್ಮೆ ಎಲ್ಲ ಮಿಕ್ಸ್ ಆಗಿ ಹೋಯ್ತು.”

“ತುಳು ಬರದವರು ತುಳು ನಾಟಕ ಯಾಕ್ರೀ ಬರೀತೀರಿ?”

“ಗೊತ್ತಾಗ್ಲಿಲ್ಲ ಸಾರ್.”

ಅಧಿಕಾರಿಯ ಮುಖದ ಬಿಗಿ ಸಡಿಲಾಯಿತು. ತಪ್ಪಿಸಿಕೊಳ್ಳಲು ಅವರಿಗೂ ಒಂದು ದಾರಿ ಬೇಕಾಗಿತ್ತು, ಈಗ ಸಿಕ್ಕಿತು. ಅದನ್ನೇ ಬರೆದುಕೊಡಿ ಎಂದರು: ತನಗೆ ತುಳು ಭಾಷೆ ಬರುವುದಿಲ್ಲ, ಅಜ್ಞಾನದಿಂದ ತಪ್ಪು ಶಬ್ದ ಬಳಸಿದ್ದೇನೆ, ಯಾವ ದುರುದ್ದೇಶವೂ ಇಲ್ಲ, ಮುಂದೆ ಆ ಭಾಷೆಯಲ್ಲಿ ನಾಟಕ ಬರೆಯುವುದಾಗಲಿ ಆಡುವುದಾಗಲಿ ಮಾಡುವುದಿಲ್ಲ. ಪ್ರಹಸನ ರದ್ದು, ಉಳಿದ ಹಾಡು ಜಾದೂ ಎಲ್ಲ ನಡೆಯಲಿ. ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿದರು. “ಮೇಡಂ, ನೀವೇ ಬರೀರಿ. ಇವರು ಬರೆದ್ರೆ ಇನ್ನೊಂದು ತಪ್ಪಾದೀತು.”

ನನ್ನದೇ ಅಕ್ಷರದ ಪುಟ ಅಲ್ಲೇ, ಒಂದು ಗೇಣು ದೂರದಲ್ಲಿ ತೆರೆದಿತ್ತು. ನಾನು ಮಾಮೂಲಿನಂತೆ ಗುಂಡಗೆ ಬರೆದರೆ ಅವರಿಗೆ ಹೋಲಿಸಿ ನೋಡುವುದಕ್ಕೆ ಎಷ್ಟು ಹೊತ್ತು? ಓರೆಯಾಗಿ ಬರೆಯತೊಡಗಿದೆ. ತಲೆಕಟ್ಟುಗಳನ್ನು ಚೂಪು ಮಾಡಿದೆ, ಒತ್ತುಗಳನ್ನು ದೂರ ಎಳೆದೆ, ಮಕ್ಕಳಿಗೆ ಹೀಗೆ ಬರೆಯಬೇಡಿ ಎಂದು ಎಷ್ಟು ಸಲ ಹೇಳಿದ್ದೆನೋ ಹಾಗೆಲ್ಲ ಬರೆದೆ. “ನನಗೆ ತುಳು ಭಾಷೆ ಬರುವುದಿಲ್ಲ” ಎಂಬ ವಾಕ್ಯ ಬಂದಾಗ ಪೆನ್ನು ನಿಂತಿತು. ಚೇರ್ಮನ್ ಹಿಂದಿನಿಂದ ಮೆಲ್ಲಗೆ, “ಬರೀರಿ ಟೀಚರೇ” ಎಂದರು. ಬರೆದೆ. ಅವರು ಬಾಗಿ ರುಜು ಹಾಕಿದರು.

ಶನಿವಾರ ಸಂಜೆ ಆರೂವರೆಗೆ ವೆರೈಟಿ ಶುರುವಾಯಿತು. ಮೆಣಸಿನ ಘಾಟು, ಬೀಡಿಯ ಹೊಗೆ, ಅಟ್ಟದವರೆಗೂ ಜನ. ಹಿಂದಿನ ಸಾಲಿನಲ್ಲಿ ಮಫ್ತಿಯಲ್ಲಿ ಇಬ್ಬರು ಕೂತಿದ್ದಾರೆಂದು ಮಾವ ಬಂದು ಹೇಳಿದರು. ಚೇರ್ಮನ್ ತಮ್ಮ ಮೇಜಿಗೆ ಬಂದು ಕೂತರು. ಸುತ್ತಿಗೆಯಿಂದ ಕುಟ್ಟಿ, ಪುಸ್ತಕದ ಕನ್ನಡದಲ್ಲಿ, “ಮೊದಲನೆಯ ಕಾರ್ಯಕ್ರಮ, ಹಾಡು” ಎಂದರು. ಜನ ಗೊಳ್ಳೆಂದು ನಕ್ಕರು. ಇವರ ಬಾಯಲ್ಲಿ ಕನ್ನಡ ಕೇಳಿದ್ದೇ ಇಲ್ಲ, ಯಾವುದೋ ಹೊಸ ತಮಾಷೆ ತೆಗೆದಿದ್ದಾರೆಂದುಕೊಂಡರು. “ಎರಡನೆಯ ಕಾರ್ಯಕ್ರಮ, ಜಾದೂ.” ಮತ್ತೆ ನಗೆ. ಅಟ್ಟದಿಂದ ಯಾರೋ ತುಳುವಿನಲ್ಲಿ ಕೆಣಕಿದರು. ಯಾವತ್ತೂ ಬಡ್ಡಿ ಸಮೇತ ಉತ್ತರ ಕೊಡುತ್ತಿದ್ದ ಮನುಷ್ಯ ತಲೆ ತಗ್ಗಿಸಿ ಮೇಜನ್ನು ನೋಡಿದರು. ಆರನೆಯ ಐಟಮ್ಮಿನ ಹೊತ್ತಿಗೆ ನಗು ನಿಂತಿತ್ತು. ಎಂತ ಆಯ್ತು ಇವರಿಗೆ ಎಂದು ಜನ ಅಕ್ಕಪಕ್ಕದವರನ್ನು ಕೇಳತೊಡಗಿದರು. ನಾನು ಸೈಡಿನ ಪರದೆಯ ಹಿಂದೆ ನಿಂತು ಅಳುತ್ತಿದ್ದೆ. ನನ್ನ ಮೇಲೆ ನನಗೆ ಬಂದ ಅಸಹ್ಯ ಅಷ್ಟಿಷ್ಟಲ್ಲ.

ಪಾಸ್‌ಪೋರ್ಟ್ ಬಂತು. ಅವರು ಹೊರಟ ದಿನ ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ, ಶಾಲೆಯಲ್ಲಿ ಕೆಲಸ ಉಂಟೆಂದು ಮಾವನಿಗೆ ಹೇಳಿದೆ. ಚೇರ್ಮನ್ನನ ಜಾಗಕ್ಕೆ ಒಂದಿಬ್ಬರು ಬಂದು ನೋಡಿದರು, ಸುತ್ತಿಗೆ ಕುಟ್ಟಿದರು, ಕೂಗಾಡಿದರು, ಜನ ಕೂರಲಿಲ್ಲ. ವೆರೈಟಿ ನಿಂತು ಹಾಲಿನ ಉಳಿದರ್ಧಕ್ಕೂ ಮೆಣಸಿನ ಚೀಲ ಬಂತು. ಎಂಬತ್ತರ ದಶಕದಲ್ಲಿ ಲಾಡ್ಜ್ ಕಟ್ಟಲೆಂದು ಅದನ್ನು ಕೆಡವಿದರು. ದೊರೆಗಳ ಕಾಲದಿಂದ ಬಂದ ಮೇಜನ್ನು ಯಾರು ಹೊತ್ತುಕೊಂಡು ಹೋದರೋ ತಿಳಿಯದು.

ಹಾಲ್ ಕೆಡವಿದ ವರ್ಷವೇ ಚೇರ್ಮನ್ ರಜೆಯಲ್ಲಿ ಬಂದಿದ್ದಾರೆಂದು ಕೇಳಿ, ಇನ್ನು ತಡೆಯಲಾರೆ ಎನಿಸಿ ಕುದ್ರೋಳಿಗೆ ಹೋದೆ. ಮನೆಗೆ ಟೆರೇಸು ಬಂದಿತ್ತು. ಹಿರಿಯ ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿತ್ತು, ಕೊನೆಯವಳು ಕಾಲೇಜು. ನನಗಾಗಲೇ ಖಾಯಂ ಆಗಿ, ಇನ್ಕ್ರಿಮೆಂಟ್ ಮೇಲೆ ಇನ್ಕ್ರಿಮೆಂಟ್ ಬಂದಿತ್ತು. ಕುರ್ಚಿಯಲ್ಲಿ ಕೂತವಳೇ ಕುಶಲ ಕೂಡ ಕೇಳದೆ ತುಳುವಿನಲ್ಲಿ ಹೇಳಿಬಿಟ್ಟೆ: ಅಮ್ಮ ಎಂದು ಬರೆದದ್ದು ನಾನು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ನನಗೆ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ.

ಆ ಸ್ಟೇಷನ್ನಿನ ಹೊರಗೆ ನಮ್ಮಿಬ್ಬರ ನಡುವೆ ಎಂದೂ ತುಳು ಬಿಟ್ಟು ಬೇರೆ ಮಾತು ಇರಲಿಲ್ಲ. ಅವರು ಕನ್ನಡದಲ್ಲಿ ಉತ್ತರ ಕೊಟ್ಟರು.

“ಗೊತ್ತುಂಟು ಟೀಚರೇ. ಅಕ್ಷರ ನಿಮ್ಮದಲ್ವಾ. ಆ ಸಾಹೇಬರು ತೋರಿಸುವಾಗಲೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳಲಿಲ್ಲ ನೀವು?”

“ನಿಮ್ಮ ಕೆಲಸ ಹೋಗ್ತಿತ್ತು. ನಾನು ಹೇಗೂ ಊರು ಬಿಡುವವ.”

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ಕಾಲ ಬದಲಾಗಿದೆ, ಆ ಕಾಗದವನ್ನು ಯಾರೂ ಕೇಳುವುದಿಲ್ಲ, ಆ ಅಧಿಕಾರಿಯೂ ಇಲ್ಲ, ಮತ್ತೆ ಬರೆಯಿರಿ, ನಾನು ಪ್ರತಿ ಮಾಡಿಕೊಡುತ್ತೇನೆ, ಹತ್ತು ಸಲ ತಿದ್ದುತ್ತೇನೆ ಎಂದೆಲ್ಲ ಹೇಳಿದೆ. ಬೇಡುವ ಹಾಗೆಯೇ ಹೇಳಿದೆ. ಅವರು ಕೈಯಲ್ಲಿದ್ದ ಲೈಟರನ್ನು ತಿರುಗಿಸುತ್ತ ಕೇಳಿಸಿಕೊಂಡರು.

“ಬಹರೈನಿನಲ್ಲಿ ನಮ್ಮ ಊರಿನವರು ಒಂದು ಪ್ರೋಗ್ರಾಂ ಇಟ್ಟಿದ್ರು. ಒಂದು ತುಳು ಪ್ರಹಸನ ಬರೆದುಕೊಡಿ ಅಂತ ಕೇಳಿದ್ರು. ಕೂತೆ, ಟೀಚರೇ. ಎರಡು ಸಾಲು ಬರೆದ ಕೂಡಲೇ ಸಂಶಯ. ಈ ಶಬ್ದ ಸರಿಯುಂಟಾ, ಇದಕ್ಕೆ ಬೇರೆ ಎಂತಾದರೂ ಅರ್ಥ ಉಂಟಾ ಅಂತ. ರೂಮಿನವರನ್ನು ಕೇಳ್ತೇನೆ, ಅವರು ಸರಿಯುಂಟು ಅಂತಾರೆ, ಆದ್ರೂ ಸಂಶಯ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಾತಾಡ್ಲಿಕ್ಕೆ ಬರ್ತದೆ. ನಗಿಸ್ಲಿಕ್ಕೆ ಬರುವುದಿಲ್ಲ. ಆವತ್ತು ನಾವು ಸುಳ್ಳು ಬರೆದುಕೊಟ್ಟದ್ದು. ಈಗ ಅದು ನಿಜ ಆಯ್ತು.”

ಅವರ ಹೆಂಡತಿ ಚಹಾ ತಂದಿಟ್ಟರು. ಕಿರಿಯ ಮಗಳು ಕಾಲೇಜಿನಲ್ಲಿ ಏನು ಓದುತ್ತಿದ್ದಾಳೆಂದು ನಾನು ಕೇಳಿದೆ. ಕಾಮರ್ಸ್ ಎಂದರು. ಎದ್ದು ಬರುವವರೆಗಿನ ಉಳಿದ ಮಾತನ್ನೆಲ್ಲ ನಾವು ಕನ್ನಡದಲ್ಲೇ ಆಡಿದೆವು.